ಕಾಲ್ಬೆರಳ ಡೊಂಕು

ನಮ್ಮ ನುಡಿಯಲ್ಲಿ ಕೈಗೆ ಸಂದ ಮನ್ನಣೆ ಕಾಲಿಗೆ ಸಂದಿಲ್ಲ. ಕಷ್ಟದಲ್ಲಿ ನೆರವಾದವನು ‘ಕೈಹಿಡಿದವನು’. ಔಷಧ ಫಲಿಸಿದರೆ ವೈದ್ಯನ ‘ಕೈಗುಣ’ ಒಳ್ಳೆಯದು. ಮನೆಯಲ್ಲಿ ಎಮ್ಮೆ ಬತ್ತಿದರೆ ಮಾತ್ರ ಹೊಸದಾಗಿ ಬಂದ ಸೊಸೆಯ ‘ಕಾಲ್ಗುಣ’ ಸರಿಯಿಲ್ಲ! ಜಗಳಗಂಟನು ಬರುವುದೂ ‘ಕಾಲು ಕೆರೆದುಕೊಂಡು’. ಕಾಲಿನ ಪಾಡೇ ಹೀಗಿರುವಾಗ ಅದರ ತುದಿಯಲ್ಲಿರುವ ಬೆರಳನ್ನು ಕೇಳುವವರಾರು? ಹೊಸ್ತಿಲಿಗೆ ಎಡವಿದ ದಿನವಷ್ಟೇ ಅದರ ನೆನಪು.

ಈ ಅಲಕ್ಷ್ಯಕ್ಕೆ ಗುರಿಯಾದ ಕಾಲ್ಬೆರಳುಗಳನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಅವುಗಳ ರಚನೆ ಎಂಥದು, ಅವು ಏಕೆ ಡೊಂಕಾಗುತ್ತವೆ, ಶಸ್ತ್ರವೈದ್ಯನು ಅವನ್ನು ನೆಟ್ಟಗೆ ಮಾಡಹೊರಟಾಗ ಏನೇನು ತೊಡಕುಗಳು ಎದುರಾಗುತ್ತವೆ ಎಂಬುದೇ ವಿಷಯ. ನಾನು ವೈದ್ಯನಲ್ಲ, ಹೈಸ್ಕೂಲಿನ ಕನ್ನಡ ಪಂಡಿತ. ಆದರೆ ಪ್ರಾರ್ಥನೆಯ ಹೊತ್ತಿನಲ್ಲಿ ಸಾಲಾಗಿ ನಿಂತ ನೂರಾರು ಬರಿಗಾಲುಗಳನ್ನು ವರ್ಷವರ್ಷವೂ ನೋಡುತ್ತ ಬಂದವನು. ಬಲ್ಲವರ ಗ್ರಂಥಗಳಿಂದ ತಿಳಿದುದನ್ನು ಮನೆಮಂದಿಗೆ ಅರ್ಥವಾಗುವಂತೆ ಹೇಳುವುದಷ್ಟೇ ನನ್ನ ಕೆಲಸ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಲಿಗೆ ಬೀಳುವ ದುಡಿಮೆ ನಾಲ್ಕು ಬಗೆಯದು. ಹಳಿಯಾಳ, ಮುಂಡಗೋಡಗಳ ಗದ್ದೆಗಳಲ್ಲಿ ಬತ್ತದ ನಾಟಿಯ ಕಾಲಕ್ಕೆ ಬೆಳಗಿನಿಂದ ಬೈಗಿನವರೆಗೆ ಪಾದ ಕೆಸರಿನಲ್ಲಿ ಹೂತಿರುತ್ತದೆ. ಜೋಯಿಡಾದ ಕುಣಬಿಗಳು, ದನಗಳ ಹಿಂದೆ ಕಾಡು ಸುತ್ತುವ ಗೌಳಿಗರು, ಹಳಿಯಾಳದ ಕಾಡಂಚಿನ ಸಿದ್ದಿಗಳು ಕಲ್ಲುಮುಳ್ಳಿನ ದಾರಿಯನ್ನು ಬರಿಗಾಲಿನಲ್ಲಿ ತುಳಿದೇ ಬೆಳೆದವರು. ೧೯೫೫ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದ ಹೆಸರಾದ ದಾಂಡೇಲಿಯಲ್ಲಿ ದಿನವೆಲ್ಲ ಬೂಟು ತೊಟ್ಟು ದುಡಿಯುವವರಿದ್ದಾರೆ. ೧೯೬೬ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೇಟಿ ಬಂಧುಗಳ ಹಿರಿಯರಂತೂ ಹಿಮದ ನಾಡಿನ ದಪ್ಪ ಪಾದರಕ್ಷೆಯಿಂದ ನಮ್ಮ ಮಳೆನಾಡಿನ ಚಪ್ಪಲಿಗೆ ಇಳಿದವರು. ಒಂದೇ ಬಗೆಯ ಐದು ಬೆರಳುಗಳು ಇಷ್ಟು ಬಗೆಯ ಬಾಳನ್ನು ಹೊರಬೇಕಾಗಿದೆ.

ಮೊದಲು ರಚನೆಯನ್ನು ನೋಡೋಣ. ಒಂದೊಂದು ಪಾದದಲ್ಲಿ ೨೬ ಎಲುಬುಗಳಿವೆ. ಹಿಮ್ಮಡಿಯ ಕಡೆಗೆ ಏಳು, ನಡುವೆ ಉದ್ದನೆಯವು ಐದು, ಬೆರಳುಗಳಲ್ಲಿ ಹದಿನಾಲ್ಕು. ನಮ್ಮ ಉಂಗುಟಕ್ಕೆ, ಎಂದರೆ ಹೆಬ್ಬೆರಳಿಗೆ, ಎರಡೇ ಎಲುಬು. ಉಳಿದ ನಾಲ್ಕು ಬೆರಳುಗಳಿಗೆ ಮೂರು ಮೂರು. ಇವಲ್ಲದೆ ಹೆಬ್ಬೆರಳ ಬುಡದ ಅಡಿಯಲ್ಲಿ ಹುಣಸೆಬೀಜದಂಥ ಎರಡು ಕಿರಿ ಎಲುಬುಗಳು ಅಡಗಿವೆ. ನಾವು ಹೆಜ್ಜೆ ಎತ್ತುವಾಗ ಮೈಯ ಭಾರ ಇವುಗಳ ಮೇಲೆ ಉರುಳಿ ಮುಂದಕ್ಕೆ ಸಾಗುತ್ತದೆ.

ಈ ಎಲುಬುಗಳನ್ನು ಆಡಿಸುವ ಸ್ನಾಯುಗಳು ಎರಡು ಪಂಗಡ. ಒಂದು ಪಂಗಡ ಮೀನಖಂಡದಲ್ಲಿ ಹುಟ್ಟಿ, ಉದ್ದನೆಯ ಹುರಿಗಳಾಗಿ ಇಳಿದು ಬೆರಳ ತುದಿಯನ್ನು ಹಿಡಿದಿದೆ. ಇನ್ನೊಂದು ಪಂಗಡ ಪಾದದೊಳಗೇ ಹುಟ್ಟಿ ಪಾದದೊಳಗೇ ಮುಗಿಯುವ ಗಿಡ್ಡ ಸ್ನಾಯುಗಳು. ಉದ್ದನೆಯವು ಬೆರಳನ್ನು ಮಡಿಸುತ್ತವೆ ಇಲ್ಲವೆ ಮೇಲೆತ್ತುತ್ತವೆ. ಗಿಡ್ಡವು ಬೆರಳ ಬುಡವನ್ನು ನೆಲಕ್ಕೆ ಒತ್ತಿ, ತುದಿಯನ್ನು ನೆಟ್ಟಗೆ ನಿಲ್ಲಿಸುತ್ತವೆ. ಈ ಎರಡು ಪಂಗಡಗಳು ಜೋಡೆತ್ತುಗಳಿದ್ದಂತೆ. ಒಂದು ಸೊರಗಿದರೆ ನೊಗ ಒಂದು ಕಡೆಗೆ ವಾಲುತ್ತದೆ. ಬೆರಳ ಡೊಂಕಿನ ಬಹುಪಾಲು ಕತೆ ಇಷ್ಟೇ.

ಇನ್ನೊಂದು ಸಂಗತಿಯುಂಟು. ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಒಂದು ಗಟ್ಟಿಯಾದ ಪಟ್ಟಿ ಹಾಸಿದೆ. ನಡೆಯುವಾಗ ಹಿಮ್ಮಡಿ ಎದ್ದು ಬೆರಳು ಹಿಂದಕ್ಕೆ ಬಾಗಿದೊಡನೆ ಆ ಪಟ್ಟಿ ಬಿಗಿದು, ಪಾದದ ಕಮಾನು ಮೇಲೇರಿ, ಮೆತ್ತಗಿದ್ದ ಪಾದ ಸನ್ನೆಗೋಲಿನಂತೆ ಗಟ್ಟಿಯಾಗುತ್ತದೆ. ೧೯೫೪ರಲ್ಲಿ ಹಿಕ್ಸ್ ಎಂಬ ಆಂಗ್ಲ ವಿದ್ವಾಂಸನು ಇದನ್ನು ಹಗ್ಗ ಸುತ್ತಿ ಭಾರವೆತ್ತುವ ರಾಟೆಗೆ ಹೋಲಿಸಿದನು. ಬೆರಳು ಕೆಟ್ಟರೆ ಕೆಡುವುದು ಬೆರಳೊಂದೇ ಅಲ್ಲ, ನಡಿಗೆಯೇ ಎಂಬುದು ಇದರಿಂದ ತಿಳಿಯುತ್ತದೆ. ಒಂದು ಪಾದದಲ್ಲಿ ಮಾತ್ರೆ ತಪ್ಪಿದರೆ ಇಡೀ ಪದ್ಯವೇ ಕುಂಟುವುದಿಲ್ಲವೆ?

ಇನ್ನು ಡೊಂಕಿನ ಬಗೆಗಳು. ಹೆಬ್ಬೆರಳು ಎರಡನೆಯ ಬೆರಳಿನತ್ತ ವಾಲಿ, ಅದರ ಬುಡ ಪಾದದ ಒಳಮಗ್ಗುಲಲ್ಲಿ ಗಂಟಿನಂತೆ ಹೊರಚಾಚುವುದು ಒಂದು. ಬೆರಳ ನಡುಗೀಲು ಮಡಚಿ ಗೂನು ಬೀಳುವುದು ಎರಡನೆಯದು. ಇದು ಸುತ್ತಿಗೆ ಬೆರಳು. ಬುಡ ಮೇಲೆದ್ದು, ಮುಂದಿನ ಎರಡು ಕೀಲುಗಳೂ ಮಡಚಿ, ಬೆರಳು ಹದ್ದಿನ ಉಗುರಿನಂತಾಗುವುದು ಮೂರನೆಯದು. ಇದು ಪಂಜದ ಬೆರಳು. ಹುಟ್ಟಿನಿಂದಲೇ ಬರುವ ಆರನೆಯ ಬೆರಳು, ಕೂಡಿಕೊಂಡ ಬೆರಳು, ಪಕ್ಕದ ಬೆರಳ ಕೆಳಗೆ ನುಸುಳಿದ ಬೆರಳು, ಗಿಡ್ಡ ಬೆರಳು, ಇವು ಬೇರೆ.

ಇವುಗಳಲ್ಲಿ ಯಾವುದು ರೋಗ, ಯಾವುದು ಅಲ್ಲ ಎಂಬ ವಿವೇಕ ಮೊದಲು ಬೇಕು. ಹೆಣ್ಣು ನೋಡಲು ಹೋದವರು ಕಾಲನ್ನೂ ನೋಡುತ್ತಾರೆ. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿದ್ದರೆ ಆಕೆ ಗಂಡನನ್ನು ಆಳುತ್ತಾಳೆಂದು ಆಡಿಕೊಂಡು ಸಂಬಂಧ ಬಿಟ್ಟವರೂ ಉಂಟು. ಆ ಬೆರಳಿನ ಉದ್ದವು ತಾಯಿತಂದೆಯರಿಂದ ಬಂದ ಎಲುಬಿನ ಅಳತೆ. ಅನೇಕ ಆರೋಗ್ಯವಂತರ ಪಾದ ಹಾಗೆಯೇ ಇರುತ್ತದೆ. ಗ್ರೀಕರು ತಮ್ಮ ಶಿಲಾಮೂರ್ತಿಗಳಿಗೆ ಆ ಬಗೆಯ ಪಾದವನ್ನೇ ಕಡೆದರು. ಹಾಗೆಯೇ ಎರಡನೆಯ ಮೂರನೆಯ ಬೆರಳುಗಳು ತೊಗಲಿನಿಂದ ಕೂಡಿಕೊಂಡಿದ್ದರೆ ನಡಿಗೆಗೆ ಯಾವ ಬಾಧಕವೂ ಇಲ್ಲ. ಕೈಬೆರಳು ಕೂಡಿದ್ದರೆ ಬಿಡಿಸಬೇಕು. ಕಾಲ್ಬೆರಳನ್ನು ಬಿಡಿಸುವ ಅವಶ್ಯಕತೆ ಸಾಮಾನ್ಯವಾಗಿ ಬೀಳದು.

ಆರನೆಯ ಬೆರಳನ್ನು ಕೆಲವರು ಅದೃಷ್ಟವೆನ್ನುತ್ತಾರೆ, ಕೆಲವರು ಕೂದಲನ್ನೋ ದಾರವನ್ನೋ ಬಿಗಿದು ಉದುರಿಸಲು ನೋಡುತ್ತಾರೆ. ಎರಡನೆಯದು ಅಪಾಯದ ಕೆಲಸ. ಹೊರಗೆ ಜೋತಾಡುವಂತೆ ಕಂಡ ಬೆರಳಿನ ಒಳಗೆ ಎಲುಬು, ಕೀಲು, ರಕ್ತನಾಳ ಇರಬಹುದು, ನಂಜೇರಬಹುದು. ಕ್ಷಕಿರಣದ ಚಿತ್ರ ತೆಗೆಸಿ, ಎರಡರಲ್ಲಿ ಯಾವ ಬೆರಳು ಪಾದದ ಎಲುಬಿಗೆ ಸರಿಯಾಗಿ ಕೂಡಿದೆ ಎಂದು ತಿಳಿದು, ಮಗುವಿಗೆ ಒಂದು ವರ್ಷ ತುಂಬುವ ಸುಮಾರಿಗೆ ವೈದ್ಯರು ಅದನ್ನು ತೆಗೆಯುತ್ತಾರೆ. ಚಪ್ಪಲಿ ಹಿಡಿಸುವಂತಾಗುವುದೇ ಇದರ ಮುಖ್ಯ ಲಾಭ.

ಬೆರಳನ್ನು ಡೊಂಕು ಮಾಡುವುದರಲ್ಲಿ ಪಾದರಕ್ಷೆಯ ಪಾಲೆಷ್ಟು? ೧೯೫೮ರಲ್ಲಿ ಹಾಂಗ್‌ಕಾಂಗಿನ ವೈದ್ಯರಿಬ್ಬರು ಬೂಟು ತೊಡುವವರನ್ನೂ ಬರಿಗಾಲಿನವರನ್ನೂ ಹೋಲಿಸಿ ನೋಡಿದರು. ಬೂಟಿನವರಲ್ಲಿ ನೂರಕ್ಕೆ ೩೩ ಮಂದಿಗೆ ಹೆಬ್ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ನಮ್ಮ ಕರ್ನಾಟಕದಲ್ಲಿಯೇ ಮಣಿಪಾಲದ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫರು ೪ರಿಂದ ೧೩ ವರ್ಷದ ೨,೩೦೦ ಮಕ್ಕಳ ಪಾದದ ಅಚ್ಚುಗಳನ್ನು ಪರಿಶೀಲಿಸಿ ೧೯೯೨ರಲ್ಲಿ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ನೂರಕ್ಕೆ ೮.೬ರಷ್ಟು ಪಾದಗಳು ಚಪ್ಪಟೆಯಾಗಿದ್ದರೆ, ಬರಿಗಾಲಿನ ಮಕ್ಕಳಲ್ಲಿ ನೂರಕ್ಕೆ ೨.೮ರಷ್ಟು ಮಾತ್ರ. ಬೆರಳು ಮುಚ್ಚುವ ಬೂಟು ತೊಟ್ಟವರಲ್ಲಿ ಇದು ಹೆಚ್ಚು, ಚಪ್ಪಲಿ ಮೆಟ್ಟಿದವರಲ್ಲಿ ಕಡಿಮೆ. ಚಪ್ಪಟೆ ಪಾದ ಬೇರೆ, ಬೆರಳ ಡೊಂಕು ಬೇರೆ, ನಿಜ. ಆದರೆ ಬೆರಳು ನೆಲವನ್ನು ಹಿಡಿದು ನಡೆದಾಗ ಪಾದದ ಗಿಡ್ಡ ಸ್ನಾಯುಗಳಿಗೆ ಕಸುವು ಬರುತ್ತದೆ ಎಂಬ ವಿಚಾರ ಎರಡಕ್ಕೂ ಹೊಂದುತ್ತದೆ.

ಹಾಗೆಂದು ಮಕ್ಕಳನ್ನು ಬರಿಗಾಲಿನಲ್ಲಿ ಕಾಡಿಗೆ ಅಟ್ಟಿರೆಂದು ನಾನು ಹೇಳುತ್ತಿಲ್ಲ. ಮುಳ್ಳುಂಟು, ಗಾಜುಂಟು, ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳವು ಪಾದದ ತೊಗಲಿನ ಮೂಲಕವೇ ಮೈಸೇರುತ್ತದೆ. ಪಾದರಕ್ಷೆ ಬೇಕು, ಅದು ಪಾದದ ಆಕಾರಕ್ಕಿರಬೇಕು. ವಾಲುವ ಹೆಬ್ಬೆರಳಿಗೆ ಮನೆತನದ ಬಳುವಳಿಯೂ ಕಾರಣ ಎಂಬುದನ್ನು ಮರೆಯಬಾರದು. ತಾಯಿಗಿದ್ದುದು ಮಗಳಿಗೆ ಬರುವುದು ಸಾಮಾನ್ಯ. ಇಕ್ಕಟ್ಟಿನ ಬೂಟು ಅದನ್ನು ಬೇಗ ಹೊರಗೆ ತರುತ್ತದೆ.

ಈಗ ಶಸ್ತ್ರಚಿಕಿತ್ಸೆಯ ಮಾತು. ಪಾದದ ಆಣಿಯನ್ನು ನಮ್ಮ ಸುಶ್ರುತಾಚಾರ್ಯರು ‘ಕದರ’ವೆಂದು ಕರೆದು, ಅದನ್ನು ಕೊಯ್ದು ತೆಗೆದು ಕಾದ ಎಣ್ಣೆಯಿಂದ ಸುಡಬೇಕೆಂದು ವಿಧಿಸಿದರು. ಆದರೆ ಆಣಿಯನ್ನು ಕೊಯ್ದರೂ ಅದನ್ನು ಹುಟ್ಟಿಸಿದ ಡೊಂಕು ಹಾಗೆಯೇ ಉಳಿದರೆ ಆಣಿ ಮರಳಿ ಬರುತ್ತದೆ. ಡೊಂಕನ್ನೇ ತಿದ್ದುವುದು ಇಂದಿನ ಮಾರ್ಗ.

ಹೈಸ್ಕೂಲಿನ ಹುಡುಗನನ್ನು ಕೇಳಿದರೂ ಕನ್ನಡ ಸಂಧಿಗಳು ಮೂರು ಎಂದು ಹೇಳುತ್ತಾನೆ: ಲೋಪ, ಆಗಮ, ಆದೇಶ. ಸಂಧಿ ಎಂದರೆ ಕೀಲು ಎಂದೂ ಅರ್ಥವಲ್ಲವೆ? ಶಸ್ತ್ರವೈದ್ಯನು ಬೆರಳ ಸಂಧಿಯಲ್ಲಿ ಮಾಡುವುದೂ ಬಹುಮಟ್ಟಿಗೆ ಈ ಮೂರನ್ನೇ. ಸುತ್ತಿಗೆ ಬೆರಳಿನ ಗೂನಿನಲ್ಲಿ ಎಲುಬಿನ ಒಂದು ತುಣುಕನ್ನು ತೆಗೆದು ನೆಟ್ಟಗೆ ಮಾಡುವುದು ಲೋಪ. ಗಿಡ್ಡ ಬೆರಳಿಗೆ ಬೇರೆಡೆಯ ಎಲುಬನ್ನು ತಂದು ಸೇರಿಸುವುದು, ಅಥವಾ ಎಲುಬನ್ನು ಕತ್ತರಿಸಿ ಚೌಕಟ್ಟು ತೊಡಿಸಿ, ದಿನಕ್ಕೆ ಒಂದು ಮಿಲಿಮೀಟರಿಗೆ ಮೀರದಂತೆ ಹಿಗ್ಗಿಸಿ, ನಡುವೆ ಹೊಸ ಎಲುಬು ಬೆಳೆಯುವಂತೆ ಮಾಡುವುದು ಆಗಮ. ಬೆರಳನ್ನು ಕೆಳಗೆ ಮಡಿಸುತ್ತಿದ್ದ ಉದ್ದನೆಯ ಹುರಿಯನ್ನು ಎರಡಾಗಿ ಸೀಳಿ, ಬೆರಳ ಇಬ್ಬದಿಯಿಂದ ಮೇಲಕ್ಕೆ ತಂದು ಹೊಲಿದು, ಸೊರಗಿದ ಗಿಡ್ಡ ಸ್ನಾಯುವಿನ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಆದೇಶ. ಗರ್ಡಲ್‌ಸ್ಟೋನ್ ಎಂಬ ಆಂಗ್ಲ ವೈದ್ಯನ ಈ ಕ್ರಮವನ್ನು ಟೇಲರ್ ಎಂಬವನು ೧೯೫೧ರಲ್ಲಿ ಪ್ರಕಟಿಸಿದನು. ಎರಡು ಎಲುಬುಗಳನ್ನು ಬೆಸೆದು ಒಂದೇ ಮಾಡುವ ಕ್ರಮವೂ ಉಂಟು. ಎರಡು ಸ್ವರಗಳು ಕೂಡಿ ಒಂದು ದೀರ್ಘವಾಗುವ ಸವರ್ಣದೀರ್ಘಕ್ಕೆ ಅದನ್ನು ಹೋಲಿಸಬಹುದು.

ವ್ಯಾಕರಣದಲ್ಲಿ ಸೂತ್ರ ಹೇಳಿದರೆ ಕೆಲಸ ಮುಗಿಯಿತು. ಪಾದದಲ್ಲಿ ಹಾಗಲ್ಲ, ತೊಡಕುಗಳು ಅಲ್ಲಿಂದಲೇ ಮೊದಲಾಗುತ್ತವೆ.

ಮೊದಲನೆಯದು ರಕ್ತದ ತೊಡಕು. ಬೆರಳ ಇಬ್ಬದಿಗಳಲ್ಲಿ ದಾರದಷ್ಟು ಸಣ್ಣ ರಕ್ತನಾಳಗಳು ಹರಿಯುತ್ತವೆ. ಹತ್ತಾರು ವರ್ಷ ಮಡಚಿಕೊಂಡಿದ್ದ ಬೆರಳಿನಲ್ಲಿ ಅವೂ ಮಡಿಕೆಗೆ ತಕ್ಕಂತೆ ಗಿಡ್ಡವಾಗಿರುತ್ತವೆ. ಒಮ್ಮೆಲೇ ನೆಟ್ಟಗೆ ಎಳೆದರೆ ನಾಳ ಸೆಳೆದು, ಮುದುಡಿ, ಬೆರಳು ಬೆಳ್ಳಗಾಗುತ್ತದೆ. ಆಗ ವೈದ್ಯನು ಎಳೆತವನ್ನು ಸಡಿಲಿಸಿ, ಬೇಕಾದರೆ ಒಳಗಿಟ್ಟ ತಂತಿಯನ್ನೂ ಹೊರಗೆಳೆದು, ಬೆರಳಿಗೆ ಕೆಂಪು ಮರಳುವವರೆಗೆ ಕಾಯಬೇಕು. ಪೂರ್ತಿ ನೆಟ್ಟಗಾದ ಸತ್ತ ಬೆರಳಿಗಿಂತ ತುಸು ಡೊಂಕಾಗಿಯೇ ಬದುಕಿದ ಬೆರಳು ಲೇಸು. ಬೀಡಿ ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು. ತಂಬಾಕು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಎಲುಬು ಕೂಡುವುದನ್ನೂ ತಡೆಯುತ್ತದೆ.

ಎರಡನೆಯದು ಸಮತೋಲದ ತೊಡಕು. ವಾಲಿದ ಹೆಬ್ಬೆರಳನ್ನೇ ತೆಗೆದುಕೊಳ್ಳಿರಿ. ಅದರ ಹಿಂದಿನ ಉದ್ದನೆಯ ಎಲುಬಿನ ತಲೆಗೆ ಯಾವ ಸ್ನಾಯುವೂ ಅಂಟಿಲ್ಲ. ಹುರಿಗಳೆಲ್ಲ ಅದನ್ನು ದಾಟಿ ಬೆರಳಿಗೆ ಹೋಗುತ್ತವೆ. ಬೆರಳು ಒಮ್ಮೆ ವಾಲಿತೆಂದರೆ ಆ ಹುರಿಗಳು ಬಿಲ್ಲಿನ ಹೆದೆಯಂತೆ ಒಂದು ಬದಿಗೆ ಸರಿದು, ಒಂದೊಂದು ಹೆಜ್ಜೆಗೂ ಡೊಂಕನ್ನು ಹೆಚ್ಚಿಸುತ್ತವೆ. ಹೊರಗೆ ಕಾಣುವ ಗಂಟನ್ನು ಮಾತ್ರ ಕೆತ್ತಿ ತೆಗೆದರೆ ಬಿಲ್ಲು ಹಾಗೆಯೇ ಉಳಿಯಿತು; ಡೊಂಕು ಮರಳುತ್ತದೆ. ಆದುದರಿಂದ ಎಲುಬನ್ನು ಕತ್ತರಿಸಿ ಸರಿಸಿ ತಿರುಪಿನಿಂದ ಬಿಗಿಯಬೇಕು. ಒಂದು ಬದಿಯ ಬಿಗಿತವನ್ನು ಸಡಿಲಿಸಿ ಇನ್ನೊಂದು ಬದಿಯನ್ನು ಬಿಗಿಗೊಳಿಸಬೇಕು. ಕಡಿಮೆ ತಿದ್ದಿದರೆ ಪುನಃ ವಾಲುತ್ತದೆ; ಹೆಚ್ಚು ತಿದ್ದಿದರೆ ಎದುರು ಬದಿಗೆ ವಾಲುತ್ತದೆ. ಎಲುಬು ಗಿಡ್ಡವಾದರೆ ಅದು ಹೊರುತ್ತಿದ್ದ ಭಾರ ಪಕ್ಕದ ಬೆರಳ ಬುಡಕ್ಕೆ ಬಿದ್ದು ಅಲ್ಲಿ ಹೊಸ ನೋವು ಹುಟ್ಟುತ್ತದೆ. ಈ ಒಂದು ಡೊಂಕಿಗೆ ನೂರಕ್ಕೂ ಮಿಕ್ಕಿದ ಶಸ್ತ್ರಕ್ರಮಗಳು ವೈದ್ಯಗ್ರಂಥಗಳಲ್ಲಿ ವರ್ಣಿತವಾಗಿವೆ. ಒಂದು ರೋಗಕ್ಕೆ ನೂರು ಮದ್ದು ಇದೆಯೆಂದರೆ ಯಾವುದೊಂದೂ ಎಲ್ಲರಿಗೂ ಸಲ್ಲುವುದಿಲ್ಲ ಎಂದೇ ತಿಳಿಯಬೇಕು.

ಮೂರನೆಯದು ಬಿಗಿತದ ತೊಡಕು. ಬೆರಳ ಬುಡದ ಅಂಗಾಲನ್ನು ಕೆಳಗಿನಿಂದ ಮೆಲ್ಲನೆ ಮೇಲಕ್ಕೆ ಒತ್ತಿದಾಗ ಮಡಚಿದ ಬೆರಳು ತಾನೇ ನೆಟ್ಟಗಾದರೆ ಅದು ಇನ್ನೂ ಸಡಿಲವಾಗಿದೆ ಎಂದರ್ಥ. ಹುರಿಗಳ ಮೇಲಿನ ಸಣ್ಣ ಚಿಕಿತ್ಸೆಯಿಂದ ಗುಣ ಕಾಣಬಹುದು. ನೆಟ್ಟಗಾಗದಿದ್ದರೆ ಕೀಲು ಗಟ್ಟಿಕಟ್ಟಿದೆ, ಎಲುಬಿಗೇ ಕೈಹಾಕಬೇಕು. ಹಾಗೆ ಮಾಡಿದ ಮೇಲೆ ಬೆರಳು ನೆಟ್ಟಗಾದರೂ ಕೆಲವರಲ್ಲಿ ಅದು ನೆಲ ಮುಟ್ಟದೆ ತೇಲಿ ನಿಲ್ಲುತ್ತದೆ. ನೋಡಲು ಚೆಂದ, ನಡೆಯಲು ನಿರುಪಯೋಗಿ.

ನಾಲ್ಕನೆಯದು ನಮ್ಮ ಬಾಳಿನ ರೀತಿಯ ತೊಡಕು. ಇದನ್ನು ಪರದೇಶದ ಗ್ರಂಥಗಳಲ್ಲಿ ಹುಡುಕಿದರೆ ಹೆಚ್ಚು ಸಿಗದು. ಹೆಬ್ಬೆರಳ ಬುಡದ ಕೀಲನ್ನು ಬೆಸೆದರೆ ನೋವು ಹೋಗುತ್ತದೆ, ಕುರ್ಚಿಯ ಮೇಲೆ ಕೂತು ಬೂಟು ತೊಟ್ಟು ನಡೆಯುವವನಿಗೆ ಹೆಚ್ಚಿನ ಕೊರತೆಯೂ ಕಾಣದು. ಆದರೆ ನಮ್ಮವರು ಕುಕ್ಕುರುಗಾಲಿನಲ್ಲಿ ಕೂರುವವರು. ಮುಂಗಾಲಿನ ಮೇಲೆ ಭಾರವಿಟ್ಟು ಒಲೆಯ ಮುಂದೆ ಕೂರುವಾಗ, ಕಳೆ ಕೀಳುವಾಗ ಬೆರಳ ಬುಡ ಹಿಂದಕ್ಕೆ ಬಾಗಲೇಬೇಕು. ಜಾರುವ ಹಾಳಿಯ ಮೇಲೆ ಬೆರಳೂರಿ ನಡೆಯಬೇಕು. ಬೆಸೆದ ಕೀಲು ಬಾಗುವುದಿಲ್ಲ. ಆದುದರಿಂದ ತನ್ನ ದಿನದ ಕೆಲಸವೇನು, ಎಲ್ಲಿ ಹೇಗೆ ಕೂರುತ್ತೇನೆ ಎಂಬುದನ್ನು ರೋಗಿಯು ವೈದ್ಯರಿಗೆ ಮೊದಲೇ ಬಿಡಿಸಿ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಕಾಲವನ್ನೂ ನೋಡಬೇಕು. ಸುತ್ತಿಗೆ ಬೆರಳಿನ ಚಿಕಿತ್ಸೆಯಲ್ಲಿ ತೆಳ್ಳನೆಯ ಉಕ್ಕಿನ ತಂತಿಯನ್ನು ಬೆರಳ ತುದಿಯಿಂದ ಹೊಗಿಸಿ, ನಾಲ್ಕರಿಂದ ಆರು ವಾರ ಹಾಗೆಯೇ ಬಿಡುತ್ತಾರೆ. ತಂತಿಯ ತುದಿ ಹೊರಗೆ ಇಣುಕುತ್ತಿರುತ್ತದೆ. ಅದಕ್ಕೆ ನೀರು ಕೆಸರು ತಾಗಿದರೆ ನಂಜು ಒಳಸೇರುತ್ತದೆ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಜೋಯಿಡಾದ ಹಳ್ಳಿಯವನು ಆರು ವಾರ ಕಾಲನ್ನು ಒಣಗಿಸಿ ಇಟ್ಟುಕೊಳ್ಳುವುದೆಂತು? ಅವಸರವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸುಗ್ಗಿ ಮುಗಿದ ಮೇಲೆ, ಬೇಸಗೆಯಲ್ಲಿ ಮಾಡಿಸಿಕೊಳ್ಳುವುದು ಜಾಣತನ. ಪಾದವು ಹೃದಯಕ್ಕಿಂತ ಕೆಳಗಿರುವುದರಿಂದ ಬಾವು ತಿಂಗಳುಗಟ್ಟಲೆ ಇಳಿಯದು. ಕಾಲನ್ನು ದಿಂಬಿನ ಮೇಲೆ ಎತ್ತಿ ಮಲಗಬೇಕು. ಮನೆಯವರು ಆಕೆಯ ಕೊಡ, ಒಲೆಗಳ ಕೆಲಸವನ್ನು ಹಂಚಿಕೊಳ್ಳಬೇಕು. ಶಸ್ತ್ರವೈದ್ಯನು ಸರಿಮಾಡಿದುದನ್ನು ಎರಡನೆಯ ವಾರದಲ್ಲೇ ನೀರಿನ ಕೊಡ ಕೆಡಿಸಿಬಿಡಬಲ್ಲುದು.

ಇಷ್ಟೆಲ್ಲ ಕೇಳಿದ ಮೇಲೆ ಚಿಕಿತ್ಸೆಯೇ ಬೇಡವೆನ್ನಿಸೀತು. ಹಾಗಲ್ಲ. ನೋವಿನಿಂದ ನಡೆಯಲಾಗದವರಿಗೆ, ಪಾದರಕ್ಷೆ ಬದಲಿಸಿದರೂ ಗುಣ ಕಾಣದವರಿಗೆ ಅದರಿಂದ ನಿಜವಾದ ಸುಖವುಂಟು. ಬರಿಯ ಅಂದಕ್ಕಾಗಿ ನೋವಿಲ್ಲದ ಬೆರಳಿಗೆ ಕತ್ತಿ ಮುಟ್ಟಿಸಬಾರದು ಎಂಬುದು ತಜ್ಞರ ಎಚ್ಚರಿಕೆ.

ಆದರೆ ನೋವಿಲ್ಲದಿರುವುದೇ ಅಪಾಯವಾಗುವ ಸಂದರ್ಭವೊಂದಿದೆ. ಇಂದಿನ ಭಾಷಣದಲ್ಲಿ ನೀವು ಮರೆಯಬಾರದ ಭಾಗ ಇದೇ. ಒಳಗಣಕಾಲಿನ ಹಿಂಬದಿಯಲ್ಲಿ ಹಾದುಹೋಗುವ ನರವೇ ಅಂಗಾಲಿಗೆ ಸ್ಪರ್ಶವನ್ನೂ ಗಿಡ್ಡ ಸ್ನಾಯುಗಳಿಗೆ ಅಪ್ಪಣೆಯನ್ನೂ ಕೊಡುವಂಥದು. ಕುಷ್ಠರೋಗ ಆ ನರವನ್ನು ತಿನ್ನುತ್ತದೆ. ಸಕ್ಕರೆ ಕಾಯಿಲೆಯೂ ಪಾದದ ನರಗಳನ್ನು ಕೆಡಿಸುತ್ತದೆ. ಗಿಡ್ಡ ಸ್ನಾಯು ಸೋತು ಬೆರಳು ಪಂಜದಂತಾಗುತ್ತದೆ; ತುದಿ ನೆಲಕ್ಕೆ ಕುಕ್ಕುತ್ತದೆ; ಸ್ಪರ್ಶವಿಲ್ಲದ್ದರಿಂದ ಗಾಯವಾದುದೇ ತಿಳಿಯದು. ಗಾಯ ಹುಣ್ಣಾಗಿ, ಹುಣ್ಣು ಎಲುಬಿಗೆ ಇಳಿದು, ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗುತ್ತದೆ. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ೧೯೧೪ರಲ್ಲಿ ಹುಟ್ಟಿದ ಪಾಲ್ ಬ್ರಾಂಡರು ೧೯೪೬ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರು. ರೋಗವೇ ಬೆರಳನ್ನು ಕೊಳೆಯಿಸುತ್ತದೆ ಎಂಬ ಹಳೆಯ ನಂಬಿಕೆ ತಪ್ಪು. ಸ್ಪರ್ಶ ಹೋದ ಬೆರಳು ದಿನದಿನದ ಪೆಟ್ಟಿನಿಂದ ಹಾಳಾಗುತ್ತದೆ ಎಂದು ತೋರಿಸಿದರು. ಹುರಿಗಳನ್ನು ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆಯೂ ಮೆತ್ತನೆಯ ರಬ್ಬರಿನ ಪಾದರಕ್ಷೆಯೂ ಅಲ್ಲಿಂದ ದೇಶಕ್ಕೆಲ್ಲ ಹಬ್ಬಿದವು.

ಕುಷ್ಠಕ್ಕೆ ಈಗ ಪೂರ್ತಿ ಗುಣವಾಗುವ ಔಷಧವಿದೆ, ಸರಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ೨೦೦೫ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೂ ಹೊಸ ರೋಗಿಗಳು ವರ್ಷವರ್ಷವೂ ಕಾಣಿಸಿಕೊಳ್ಳುತ್ತಲೇ ಇದ್ದಾರೆ. ಸಕ್ಕರೆ ಕಾಯಿಲೆಯಂತೂ ಮನೆಮನೆಗೂ ಬಂದಿದೆ. ಬೆರಳ ತುದಿಯಲ್ಲಿ ಹುಣ್ಣಾದ ಅಂಥ ರೋಗಿಗೆ ಬೆರಳು ಇನ್ನೂ ಸಡಿಲವಾಗಿದ್ದರೆ, ಮಡಿಸುವ ಹುರಿಯನ್ನು ಚಿಕ್ಕದೊಂದು ಚುಚ್ಚಿನಿಂದ ಕತ್ತರಿಸಿ ಬೆರಳನ್ನು ನೆಲದಿಂದ ಬಿಡಿಸುತ್ತಾರೆ. ಕೆಲವೇ ನಿಮಿಷಗಳ ಆ ಕೆಲಸ ಎಷ್ಟೋ ಸಲ ಬೆರಳನ್ನು ಉಳಿಸುತ್ತದೆ. ಅದಕ್ಕೂ ಮುನ್ನ ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಪರೀಕ್ಷಿಸಬೇಕು.

ಮನೆಯಲ್ಲಿ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಕ್ಕರೆ ಕಾಯಿಲೆಯಿರುವ ಹಿರಿಯರನ್ನು ಕಣ್ಣು ಮುಚ್ಚಿ ಮಲಗಿಸಿರಿ. ಒಂದೊಂದು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಹಗುರವಾಗಿ ಒಂದೆರಡು ಕ್ಷಣ ಮುಟ್ಟಿರಿ, ಒತ್ತಬೇಡಿರಿ. ಮುಟ್ಟಿದಾಗಲೆಲ್ಲ ಅವರು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೆ ಸ್ಪರ್ಶ ಕುಂದಿದೆಯೆಂದು ತಿಳಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಂಥವರು ಮನೆಯೊಳಗೂ ಬರಿಗಾಲಿನಲ್ಲಿ ಇರಬಾರದು. ಬಿಸಿನೀರನ್ನು ಕಾಲಿನಿಂದಲ್ಲ, ಮೊಳಕೈಯಿಂದ ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಬಿಗಿಯಾದ ಕಾಲುಂಗುರವನ್ನು ತೆಗೆದಿರಿಸುವುದರಲ್ಲಿ ಅಶುಭವೇನೂ ಇಲ್ಲ. ಬೆರಳಿಗೆ ಪೆಟ್ಟಾದಾಗಲಂತೂ ಬಾವು ಏರುವ ಮೊದಲೇ ಕಾಲುಂಗುರವನ್ನು ಕಳಚಬೇಕು.

ಪಾದರಕ್ಷೆಯನ್ನು ಸಂಜೆ ಕೊಳ್ಳಿರಿ. ಆ ಹೊತ್ತಿಗೆ ಪಾದ ತುಸು ಉಬ್ಬಿರುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಪಾದರಕ್ಷೆಯನ್ನು ಅದರ ಮೇಲಿಟ್ಟು ನೋಡಿರಿ. ಗೆರೆ ಹೊರಗೆ ಕಂಡರೆ ಅದು ನಿಮ್ಮದಲ್ಲ. ಶಾಲೆ, ಅಂಗನವಾಡಿಗಳಿಗೆ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಬಂದಾಗ ಪಾದವನ್ನೂ ತೋರಿಸಿರಿ. ೨೦೧೩ರಿಂದ ನಡೆದಿರುವ ಈ ಯೋಜನೆಯಲ್ಲಿ ಹುಟ್ಟು ಡೊಂಕುಪಾದದ ಚಿಕಿತ್ಸೆಗೆ ಖರ್ಚಿಲ್ಲ. ಮೊದಲು ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ಹೆಚ್ಚಿನದಕ್ಕೆ ೧೯೫೭ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ, ಕಾರವಾರದಲ್ಲಿಯೂ ವೈದ್ಯಕೀಯ ಸಂಸ್ಥೆಯಿದೆ. ಬೆರಳು ಕಪ್ಪಾದರೆ, ಬೆಳ್ಳಗೆ ತಣ್ಣಗಾದರೆ, ನೋವಿಲ್ಲದ ಹುಣ್ಣು ಕಂಡರೆ ಸಂತೆಯ ದಿನಕ್ಕೆ ಕಾಯದೆ ಆ ದಿನವೇ ಹೊರಡಿರಿ.

ರಾತ್ರಿ ಮಲಗುವ ಮುನ್ನ ಕಾಲು ತೊಳೆಯುವ ಪದ್ಧತಿಯನ್ನು ಹಿರಿಯರು ನಮಗೆ ಹಾಕಿಕೊಟ್ಟಿದ್ದಾರೆ. ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ, ದೀಪದ ಬೆಳಕಿನಲ್ಲಿ ಒಮ್ಮೆ ನೋಡುವುದನ್ನೂ ಅದಕ್ಕೆ ಸೇರಿಸಿಕೊಳ್ಳಿರಿ. ಬಗ್ಗಲಾರದ ಅಜ್ಜ ಅಜ್ಜಿಯರ ಕಾ‌ಲನ್ನು ಮೊಮ್ಮಕ್ಕಳು ನೋಡಲಿ. ಅದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು.